ಯುಗಾಂತ್ಯದ ತಾರೀಖು ಹೇಳುವ ವಿಡಿಯೋ ಬಂದಾಗ: ಪೆನ್ಸಿಲ್ ಹಿಡಿದು ಪರೀಕ್ಷಿಸುವುದು ಹೇಗೆ

2025ರ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ವಿಡಿಯೋ ಬಂತು. ದಕ್ಷಿಣ ಆಫ್ರಿಕಾದ ಒಬ್ಬ ಬೋಧಕರು ಆ ತಿಂಗಳ 23 ಅಥವಾ 24ಕ್ಕೆ ವಿಶ್ವಾಸಿಗಳು ಸ್ವರ್ಗಕ್ಕೆ ಎತ್ತಲ್ಪಡುತ್ತಾರೆ, ಯುಗಾಂತ್ಯ ಶುರುವಾಗುತ್ತದೆ ಎಂದಿದ್ದರು. ಅದೇ ತಿಂಗಳ 7ರ ರಾತ್ರಿ ಪೂರ್ಣ ಚಂದ್ರಗ್ರಹಣ ಆಗಿತ್ತು. ಯಾರೋ ಎರಡನ್ನೂ ಜೋಡಿಸಿ ಕಳುಹಿಸಿದ್ದರು. ನನ್ನ ಚಿಕ್ಕಮ್ಮ ಫೋನ್ ಮಾಡಿದರು. "ಮಗಳ ಕಾಲೇಜು ಫೀಸು ಕಟ್ಟಲೋ ಬೇಡವೋ ಹೇಳು" ಅಂದರು. ಅವರ ಧ್ವನಿ ನಡುಗುತ್ತಿತ್ತು.

ಸಂಜೆ ಅವರ ಮನೆಗೆ ಹೋದೆ. ಬೈಬಲ್, ಕ್ಯಾಲೆಂಡರ್, ಪೆನ್ಸಿಲ್ ಇಟ್ಟುಕೊಂಡು ಇಬ್ಬರೂ ಕುಳಿತೆವು. ಅಂದು ಮಾಡಿದ್ದನ್ನೂ ಆಮೇಲೆ ಓದಿ ಸೇರಿಸಿಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಕರ್ತನ ಬರೋಣವನ್ನು, ಅಂದರೆ ಯೇಸು ಮತ್ತೆ ಬರುವುದನ್ನು, ನಂಬುವವಳು. ಆ ನಂಬಿಕೆಯ ಹೆಸರಿನಲ್ಲಿ ಬಡವರ ನಿದ್ದೆ ಕೆಡಿಸುವುದನ್ನು ನೋಡಿಕೊಂಡು ಸುಮ್ನೆ ಇರಲು ನನಗೆ ಆಗುವುದಿಲ್ಲ.

ಹಂತ 1: ಅವರು ಹೇಳಿದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ

ವಿಡಿಯೋ ನೋಡುವಾಗ ಹಿನ್ನೆಲೆ ಸಂಗೀತ ಇರುತ್ತದೆ, ಗುಡುಗು ಇರುತ್ತದೆ, ಕೆಂಪು ಚಂದ್ರನ ಚಿತ್ರ ಇರುತ್ತದೆ. ಹಾಳೆಯ ಮೇಲೆ ಅದ್ಯಾವುದೂ ಇರುವುದಿಲ್ಲ. ಯಾವ ದಿನ, ಏನು ಆಗುತ್ತದೆ, ಆಗದಿದ್ದರೆ ಹೇಳಿದವರು ಏನು ಮಾಡುತ್ತಾರೆ: ಈ ಮೂರನ್ನು ಮಾತ್ರ ಬರೆಯಿರಿ. "ಏನೋ ದೊಡ್ಡದು ಶುರುವಾಗಲಿದೆ" ಅಂತ ಮಾತ್ರ ಹೇಳಿದ್ದರೆ ಪರೀಕ್ಷಿಸುವುದಕ್ಕೆ ಅಲ್ಲಿ ಏನೂ ಇಲ್ಲ. ಪ್ರತಿ ವಾರ ಲೋಕದಲ್ಲಿ ಏನೋ ಒಂದು ದೊಡ್ಡದು ಆಗೇ ಆಗುತ್ತದೆ.

ಹಂತ 2: ವಚನವನ್ನು ಅದರ ಅಧ್ಯಾಯದಲ್ಲೇ ಓದಿ

ಮತ್ತಾಯ 24:36 ಎಲ್ಲರಿಗೂ ಗೊತ್ತು. ಆ ದಿನ, ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ತಿಳಿಯದು ಎಂದು ಯೇಸುವೇ ಹೇಳಿದ್ದಾನೆ. ತಾರೀಖು ಹೇಳುವವರಿಗೂ ಈ ವಚನ ಗೊತ್ತು. ಅದಕ್ಕೆ ಅವರ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: "ದಿನ, ಗಳಿಗೆ ತಿಳಿಯದು ಅಂದಿದ್ದಾನೆ. ವರ್ಷ, ತಿಂಗಳು ತಿಳಿಯದು ಅಂದಿಲ್ಲವಲ್ಲ." ಈ ಮಾತು ಕೇಳಿದರೆ ಅಪೊಸ್ತಲರ ಕೃತ್ಯಗಳು 1:7 ತೆಗೆಯಿರಿ. ಕಾಲಗಳನ್ನೂ ಸಮಯಗಳನ್ನೂ ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಅಲ್ಲಿದೆ. ವರ್ಷ, ತಿಂಗಳು ಎರಡೂ ಅದರೊಳಗೆ ಬಂದವು.

ಗ್ರಹಣದ ವಿಡಿಯೋಗಳಲ್ಲಿ ಬರುವ ವಚನಗಳು ಹೆಚ್ಚಾಗಿ ಮೂರು: ಯೋವೇಲ 2:31, ಅಪೊಸ್ತಲರ ಕೃತ್ಯಗಳು 2:20, ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ 6:12. ಸೂರ್ಯ ಕಪ್ಪಾಗುವುದು, ಚಂದ್ರ ರಕ್ತದಂತಾಗುವುದು ಅಲ್ಲಿದೆ. ಆದರೆ ಪ್ರಕಟನೆಯಲ್ಲಿ ಇವೆರಡೂ ಒಟ್ಟಿಗೇ ಆಗುತ್ತವೆ. ಜೊತೆಗೆ ಭೂಕಂಪ ಆಗುತ್ತದೆ, ನಕ್ಷತ್ರಗಳು ಉದುರುತ್ತವೆ. ಈಗ ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಒಂದು ವಿಷಯ ನೆನಪಿಸಿಕೊಳ್ಳಿ. ಸೂರ್ಯಗ್ರಹಣ ಅಮಾವಾಸ್ಯೆಗೇ ಆಗುವುದು, ಚಂದ್ರಗ್ರಹಣ ಹುಣ್ಣಿಮೆಗೇ ಆಗುವುದು. ಎರಡೂ ಒಂದೇ ದಿನ ಆಗುವುದಿಲ್ಲ. ಅಂದರೆ ಪ್ರಕಟನೆಯಲ್ಲಿ ಯೋಹಾನ ಬರೆದದ್ದು ಪಂಚಾಂಗದಲ್ಲಿ ಅಚ್ಚಾಗುವ ಗ್ರಹಣದ ಬಗ್ಗೆ ಅಲ್ಲ.

ಯೇಸುವನ್ನು ಪಸ್ಕಹಬ್ಬದ ಹೊತ್ತಿಗೆ ಶಿಲುಬೆಗೇರಿಸಿದ ದಿನದ ಕತ್ತಲೆಗೂ ಇದೇ ಮಾತು. ಯೆಹೂದಿಗಳ ಆ ಹಬ್ಬ ಬರುವುದು ಹುಣ್ಣಿಮೆಗೆ. ಹುಣ್ಣಿಮೆಯ ದಿನ ಸೂರ್ಯಗ್ರಹಣ ಸಾಧ್ಯವಿಲ್ಲ. ಪೂರ್ಣ ಸೂರ್ಯಗ್ರಹಣ ಒಂದು ಜಾಗದಲ್ಲಿ ಏಳೂವರೆ ನಿಮಿಷ ದಾಟುವುದೂ ಇಲ್ಲ. ಅಂದಿನ ಕತ್ತಲೆ ಮೂರು ತಾಸು ಇತ್ತು. ಸುವಾರ್ತೆ ಅದನ್ನು ಗ್ರಹಣ ಎಂದು ವಿವರಿಸುತ್ತಿಲ್ಲ. ನಾವೂ ಹಾಗೆ ವಿವರಿಸಲು ಹೋಗಬಾರದು.

ಹಂತ 3: ಗ್ರಹಣ ಎಷ್ಟು ಅಪರೂಪ ಎಂದು ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ಹೆದರಿಕೆ ಹುಟ್ಟುವುದೇ "ಇಂಥದ್ದು ಹಿಂದೆಂದೂ ಆಗಿಲ್ಲ" ಎಂಬ ಮಾತಿನಿಂದ.

ಮೊದಲು ನಾಲ್ಕು ರಕ್ತಚಂದ್ರರ ಕಥೆ. 2014ರ ಏಪ್ರಿಲ್ 15, ಅಕ್ಟೋಬರ್ 8, 2015ರ ಏಪ್ರಿಲ್ 4, ಸೆಪ್ಟೆಂಬರ್ 28. ನಾಲ್ಕು ಪೂರ್ಣ ಚಂದ್ರಗ್ರಹಣಗಳು ಸಾಲಾಗಿ ಬಂದವು. ಎರಡು ಪಸ್ಕಹಬ್ಬಕ್ಕೆ, ಎರಡು ಯೆಹೂದಿಗಳದೇ ಇನ್ನೊಂದು ಹಬ್ಬವಾದ ಪರ್ಣಶಾಲೆಗಳ ಹಬ್ಬಕ್ಕೆ ಬಿದ್ದವು. ಅಮೆರಿಕದ ಪಾಸ್ಟರ್‌ಗಳಾದ ಮಾರ್ಕ್ ಬಿಲ್ಟ್ಜ್ ಮತ್ತು ಜಾನ್ ಹೇಗಿ ಇದನ್ನು ಇಸ್ರಾಯೇಲಿಗೆ ದೇವರು ಕೊಟ್ಟ ದೊಡ್ಡ ಸೂಚನೆ ಎಂದು ಸಾರಿದರು. ಕೇಳಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಯೆಹೂದಿ ಕ್ಯಾಲೆಂಡರ್ ಚಂದ್ರನನ್ನು ನೋಡಿ ಮಾಡಿದ್ದು. ಪಸ್ಕಹಬ್ಬವೂ ಹುಣ್ಣಿಮೆಗೆ, ಪರ್ಣಶಾಲೆಗಳ ಹಬ್ಬ ಶುರುವಾಗುವುದೂ ಹುಣ್ಣಿಮೆಗೆ. ಎರಡರ ನಡುವೆ ಆರು ಚಾಂದ್ರಮಾಸ. ಗ್ರಹಣಗಳೂ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತವೆ. ಮೊದಲನೆಯದು ಪಸ್ಕಕ್ಕೆ ಬಿದ್ದರೆ ಆರು ತಿಂಗಳ ನಂತರದ್ದು ಪರ್ಣಶಾಲೆಗೆ ಬೀಳುವುದು ಸಹಜ. ಯುಗಾದಿಗೆ ಅಮಾವಾಸ್ಯೆ ಪಕ್ಕದಲ್ಲೇ ಇರುತ್ತದೆ ಎಂದು ಯಾರೂ ಆಶ್ಚರ್ಯಪಡುವುದಿಲ್ಲ, ಅಲ್ವಾ?

ಇಂಥ ನಾಲ್ಕರ ಸಾಲು ಈ ಒಂದೇ ಶತಮಾನದಲ್ಲಿ ಎಂಟು ಸಲ ಬರುತ್ತದೆ. 2003-04ರಲ್ಲಿ ಬಂದಿತ್ತು. 2032-33ರಲ್ಲಿ ಮತ್ತೆ ಬರುತ್ತದೆ. ಜೊತೆಗೆ, 2014-15ರ ನಾಲ್ಕರಲ್ಲಿ ಮೊದಲ ಮೂರು ಯೆರೂಸಲೇಮಿನಲ್ಲಿ ಕಾಣಲೇ ಇಲ್ಲ. ಇಸ್ರಾಯೇಲಿಗೆ ಕೊಟ್ಟ ಸೂಚನೆ ಇಸ್ರಾಯೇಲಿಗೇ ಕಾಣದಿದ್ದರೆ ಅದನ್ನು ಸೂಚನೆ ಅನ್ನುವುದು ಹೇಗೆ?

ಇತಿಹಾಸವನ್ನು ಜೋಡಿಸಿದ ರೀತಿಯನ್ನೂ ನೋಡಿ. 1493-94, 1949-50, 1967-68ರ ಸಾಲುಗಳನ್ನು ಸಾಕ್ಷಿಯಾಗಿ ಕೊಟ್ಟರು. ಸ್ಪೇನ್ ಯೆಹೂದಿಗಳನ್ನು ಹೊರಹಾಕಿದ್ದು 1492ರಲ್ಲಿ. ಇಸ್ರೇಲ್ ದೇಶವಾದದ್ದು 1948ರ ಮೇ 14ಕ್ಕೆ. ಮೂರರಲ್ಲಿ ಈ ಎರಡು ಘಟನೆ ಮೊದಲು ಆದವು, ಗ್ರಹಣ ಆಮೇಲೆ ಬಂತು. ಘಟನೆ ಮುಗಿದ ಮೇಲೆ ಬಂದದ್ದು ಮುನ್ಸೂಚನೆ ಆಗುವುದಿಲ್ಲ.

ಇನ್ನು ಸೂರ್ಯಗ್ರಹಣ. 2017ರ ಆಗಸ್ಟ್ 21ರ ನೆರಳಿನ ದಾರಿ ಮತ್ತು 2024ರ ಏಪ್ರಿಲ್ 8ರ ದಾರಿ ಅಮೆರಿಕದ ಮೇಲೆ ಒಂದನ್ನೊಂದು ಅಡ್ಡ ಹಾಯ್ದವು. ಇಲಿನಾಯ್ ರಾಜ್ಯದ ಕಾರ್ಬಂಡೇಲ್ ಊರಿನ ಹತ್ತಿರ ನಕ್ಷೆಯಲ್ಲಿ ದೊಡ್ಡ ಗುಣಿಸು ಗುರುತಿನ ಹಾಗೆ ಕಾಣುತ್ತದೆ. ದೇವರು ಆ ದೇಶದ ಮೇಲೆ ಗೀಟು ಎಳೆದಿದ್ದಾನೆ ಎಂದರು. ಏಳು ವರ್ಷದ ಎಚ್ಚರಿಕೆ ಎಂದರು. ಪೆನ್ಸಿಲ್ ತೆಗೆದುಕೊಳ್ಳಿ. ಎರಡರ ನಡುವೆ ಇರುವುದು 6 ವರ್ಷ, 7 ತಿಂಗಳು, 18 ದಿನ. ಅದು ಏಳು ವರ್ಷ ಅಲ್ಲ.

ಈ ಹಂತದಲ್ಲಿ ನನಗೆ ಅತ್ಯಂತ ಇಷ್ಟವಾದ ವಿಷಯ ಈಗ ಬರುತ್ತದೆ. ಗ್ರಹಣಗಳು 18 ವರ್ಷ, 11 ದಿನ, 8 ತಾಸಿಗೊಮ್ಮೆ ಹೆಚ್ಚುಕಡಿಮೆ ಅದೇ ರೂಪದಲ್ಲಿ ಮರಳಿ ಬರುತ್ತವೆ. ಇದಕ್ಕೆ ಸಾರೋಸ್ ಚಕ್ರ ಎಂದು ಹೆಸರು. ಬಾಬಿಲೋನಿನವರಿಗೇ ಇದು ಗೊತ್ತಿತ್ತು. ಆ 8 ತಾಸಿನಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ. ಅದಕ್ಕೆ ಮುಂದಿನ ಸಲ ನೆರಳು ಅಷ್ಟು ದೂರ ಪಶ್ಚಿಮಕ್ಕೆ ಸರಿದಿರುತ್ತದೆ. 2017ರ ಗ್ರಹಣದಿಂದ ಒಂದು ಚಕ್ರ ಹಿಂದಕ್ಕೆ ಹೋಗಿ: 1999ರ ಆಗಸ್ಟ್ 11. 2024ರದ್ದರಿಂದ ಹಿಂದಕ್ಕೆ ಹೋಗಿ: 2006ರ ಮಾರ್ಚ್ 29. ಈ ಎರಡೂ ಪೂರ್ಣ ಗ್ರಹಣಗಳೇ. ಇವೆರಡರ ದಾರಿಗಳೂ ಒಂದನ್ನೊಂದು ಅಡ್ಡ ಹಾಯ್ದವು, ಟರ್ಕಿ ದೇಶದ ಮೇಲೆ. ಅಮೆರಿಕದ ಮೇಲೆ ಬಿದ್ದ ಗುರುತು 18 ವರ್ಷ ಹಿಂದೆ ಟರ್ಕಿಯ ಮೇಲೆ ಬಿದ್ದದ್ದೇ. ಅದೇ ಜೋಡಿ 2035ರ ಸೆಪ್ಟೆಂಬರ್ 2 ಮತ್ತು 2042ರ ಏಪ್ರಿಲ್ 20ರಂದು ಇನ್ನೂ ಪಶ್ಚಿಮಕ್ಕೆ ಸರಿದು ಮತ್ತೆ ಬರುತ್ತದೆ.

ಟರ್ಕಿಯ ಮಾತು ಬಂದಾಗ ಒಂದನ್ನು ಮುಚ್ಚಿಡಬಾರದು. 1999ರ ಆ ಗ್ರಹಣ ಮುಗಿದು ಆರೇ ದಿನಕ್ಕೆ, ಆಗಸ್ಟ್ 17ರಂದು, ಟರ್ಕಿಯ ಇಜ್ಮಿತ್‌ನಲ್ಲಿ ಭಯಂಕರ ಭೂಕಂಪ ಆಯಿತು. ಸಾವಿರಾರು ಜನ ಸತ್ತರು. ನೋಡಿ, ಹೊಂದಿಕೆ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಕೇಳಲಿ, ಅದು ನ್ಯಾಯವಾದ ಪ್ರಶ್ನೆ. ಆದರೆ 2006ರ ಗ್ರಹಣದ ನಂತರ ಅಲ್ಲಿ ಅಂಥದ್ದು ಆಗಲಿಲ್ಲ. 2023ರ ಫೆಬ್ರವರಿ 6ರಂದು ಅಲ್ಲಿ ಇನ್ನೂ ದೊಡ್ಡ ಭೂಕಂಪ ಆಯಿತು, ಆಗ ಸೂರ್ಯಗ್ರಹಣ ಇರಲಿಲ್ಲ. ಟರ್ಕಿ ಭೂಮಿಯ ಬಿರುಕುಗಳ ಮೇಲೆ ಕುಳಿತ ದೇಶ. ಹೊಂದಿಕೆಯಾದ ಒಂದನ್ನು ಹೇಳಿ, ಹೊಂದಿಕೆಯಾಗದ ಎರಡನ್ನು ಬಿಟ್ಟರೆ ಅದು ಅರ್ಧ ಲೆಕ್ಕ. ನಮ್ಮಲ್ಲೂ ಇದೇ ನಡೆಯಿತು. 2019ರ ಡಿಸೆಂಬರ್ 26ರಂದು, ಕ್ರಿಸ್ಮಸ್ ಮಾರನೇ ದಿನ, ಮಂಗಳೂರು ಮತ್ತು ಕೊಡಗಿನಲ್ಲಿ ಸೂರ್ಯ ಬಳೆಯ ಹಾಗೆ ಕಂಡ. ಕೆಲವೇ ತಿಂಗಳಿಗೆ ಕೊರೊನಾ ಬಂತು. ಜೋಡಿಸುವವರು ಜೋಡಿಸಿದರು.

ಊರಿನ ಹೆಸರುಗಳ ಪಟ್ಟಿ ಬಂದರೂ ಹೀಗೇ ನೋಡಿ. 2024ರ ಗ್ರಹಣ ನಿನೆವೆ ಎಂಬ ಹೆಸರಿನ ಊರುಗಳ ಮೇಲೇ ಹೋಗುತ್ತದೆ ಎಂದಿದ್ದರು. ನಕ್ಷೆ ತೆಗೆದು ನೋಡಿದರೆ ಅದರಲ್ಲಿ ಕೆಲವು ಪೂರ್ಣ ನೆರಳಿನ ಪಟ್ಟಿಯ ಹೊರಗಿದ್ದವು. ಬೈಬಲಿನ ಹೆಸರುಗಳ ಊರುಗಳೇ ತುಂಬಿರುವ ದೇಶದಲ್ಲಿ ಯಾವ ದಿಕ್ಕಿಗೆ ಗೆರೆ ಎಳೆದರೂ ಒಂದೆರಡು ಸಿಕ್ಕೇ ಸಿಗುತ್ತವೆ.

ನೀವೇ ಪರೀಕ್ಷಿಸಲು ನಾಸಾದ ಗ್ರಹಣ ಪಟ್ಟಿ ಉಚಿತವಾಗಿ ಸಿಗುತ್ತದೆ. ಐದು ಸಾವಿರ ವರ್ಷಗಳ ಗ್ರಹಣಗಳು ತಾರೀಖು, ನಕ್ಷೆ ಸಮೇತ ಅಲ್ಲಿವೆ. ಬೆಂಗಳೂರಿನ ಸುತ್ತಮುತ್ತ ಇರುವವರು ನೆಹರು ತಾರಾಲಯದಲ್ಲಿ ಕೇಳಬಹುದು.

ಹಂತ 4: ಅಂಕಿಗಳನ್ನು ಹಿಂದಿನಿಂದ ಬಿಚ್ಚಿ

ಹೆಸರಿಗೆ ಒಂದು ಅಕ್ಷರ ಸೇರಿಸಿ ಅದೃಷ್ಟದ ಸಂಖ್ಯೆ ಮಾಡಿಕೊಡುವವರು ನಮ್ಮ ಊರುಗಳಲ್ಲೂ ಇದ್ದಾರೆ. ಮೊದಲು ಉತ್ತರ ತೀರ್ಮಾನವಾಗಿರುತ್ತದೆ, ಆಮೇಲೆ ಕೂಡಿಸುವುದು ನಡೆಯುತ್ತದೆ. ಯುಗಾಂತ್ಯದ ಲೆಕ್ಕದಲ್ಲೂ ಇದೇ ಕೆಲಸ.

ಹಳೆಯ ಉದಾಹರಣೆ ಒಂದು. ಜರ್ಮನಿಯ ಮೈಕಲ್ ಸ್ಟಿಫೆಲ್ ಒಳ್ಳೆಯ ಗಣಿತಜ್ಞ, ಪೋಪರನ್ನು ಎದುರಿಸಿದ ಸುಧಾರಕ ಮಾರ್ಟಿನ್ ಲೂಥರ್ ಅವರ ಸ್ನೇಹಿತ. ಪೋಪ್ ಹತ್ತನೇ ಲಿಯೋ ಅವರ ಲ್ಯಾಟಿನ್ ಹೆಸರಿನಲ್ಲಿ ರೋಮನ್ ಅಂಕಿಗಳಾಗುವ ಅಕ್ಷರಗಳನ್ನು ಕೂಡಿಸಿದರು. 1656 ಬಂತು. ಪ್ರಕಟನೆಯಲ್ಲಿ ಮೃಗದ ಸಂಖ್ಯೆ ಎಂದಿರುವ 666 ಬೇಕಿತ್ತು. ಸಾವಿರದ ಅಕ್ಷರ 'ರಹಸ್ಯ' ಎಂಬ ಪದದ ಮೊದಲಕ್ಷರ ಎಂದು ಅದನ್ನು ತೆಗೆದರು. 656 ಉಳಿಯಿತು. ಹತ್ತನೇ ಲಿಯೋ ಎಂದು ಹತ್ತು ಸೇರಿಸಿದರು. 666 ಆಯಿತು. ಅದೇ ಸ್ಟಿಫೆಲ್ 1533ರ ಅಕ್ಟೋಬರ್ 19, ಬೆಳಿಗ್ಗೆ 8 ಗಂಟೆಗೆ ಲೋಕ ಮುಗಿಯುತ್ತದೆ ಎಂದರು. ಮುಗಿಯಲಿಲ್ಲ. ಕ್ಯಾಥೊಲಿಕರ ಕಡೆಯವರೂ ಸುಮ್ಮನಿರಲಿಲ್ಲ. ಪಿಯೆತ್ರೊ ಬೊಂಗೊ ಎಂಬವರು ಲೂಥರ್ ಹೆಸರಿನಿಂದಲೇ 666 ತೆಗೆದರು.

ಅಕ್ಷರದಿಂದ ಸಂಖ್ಯೆ ಓದುವುದೇ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಹೀಬ್ರೂ ಮತ್ತು ಗ್ರೀಕಿನಲ್ಲಿ ಅಕ್ಷರಗಳೇ ಅಂಕಿಗಳಾಗಿದ್ದವು. ರೋಮಿನ ಚಕ್ರವರ್ತಿ ನೀರೋ ಕೈಸರನ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ 666 ಬರುತ್ತದೆ. ಕೊನೆಯ 'ನ' ಅಕ್ಷರ ಬಿಟ್ಟು ಬರೆದರೆ 616. ಪ್ರಕಟನೆಯ ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದೇ ಇದೆ. ಅದು ಯೋಹಾನನ ಕಾಲದ ಓದುಗರಿಗೆ ಅರ್ಥವಾಗುವ ಲೆಕ್ಕ. ಇಂದಿನ ಇಂಗ್ಲಿಷ್ ಹೆಸರಿಗೆ ಒಂದು, ಎರಡು, ಮೂರು ಎಂದು ಅಂಕಿ ಕೊಟ್ಟು ಕೂಡಿಸುವುದು ಅದರ ಜಾತಿಗೆ ಸೇರಿದ್ದಲ್ಲ.

ಅಂಕಿಯ ಲೆಕ್ಕ ಬಂದಾಗ ಮೊದಲು ಎಲ್ಲಿಂದ ಎಣಿಸಿದರು ಎಂದು ಕೇಳಿ. ಸೃಷ್ಟಿಯ ವರ್ಷ ಆರ್ಚ್‌ಬಿಷಪ್ ಅಷರ್ ಪ್ರಕಾರ ಕ್ರಿ.ಪೂ. 4004. ಯೆಹೂದಿ ಕ್ಯಾಲೆಂಡರ್ ಪ್ರಕಾರ ಕ್ರಿ.ಪೂ. 3761. ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಪ್ರಕಾರ ಕ್ರಿ.ಪೂ. 11013. ಇರುವುದು ಒಂದೇ ಬೈಬಲ್. ಶುರುವೇ ಇಷ್ಟು ಅಲ್ಲಾಡುವಾಗ ಕೊನೆಯ ದಿನ ಹೇಗೆ ಗಟ್ಟಿಯಾಗುತ್ತದೆ?

ಆಮೇಲೆ ಒಂದು ದಿನಕ್ಕೆ ಎಷ್ಟು ವರ್ಷ ಹಿಡಿದರು ಎಂದು ಕೇಳಿ. ಹತ್ತೊಂಬತ್ತನೇ ಶತಮಾನದ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ದಿನಗಳನ್ನು 2300 ವರ್ಷ ಮಾಡಿದರು. ಕ್ಯಾಂಪಿಂಗ್ 2 ಪೇತ್ರ 3:8 ಹಿಡಿದು ಒಂದು ದಿನವನ್ನು ಸಾವಿರ ವರ್ಷ ಮಾಡಿದರು. ಪೇತ್ರನ ಆ ಮಾತಿನ ಮುಂದಿನ ವಚನ ಓದಿ. ದೇವರ ತಾಳ್ಮೆಯ ಬಗ್ಗೆ ಅವನು ಹೇಳುತ್ತಿದ್ದಾನೆ. ಗುಣಾಕಾರದ ಸೂತ್ರ ಕೊಡುತ್ತಿಲ್ಲ.

ಕೊನೆಗೆ, ಬೇರೆ ಎರಡು ತಾರೀಖಿಗೂ ಇಷ್ಟೇ ಚೆನ್ನಾಗಿ ಹೊಂದುತ್ತದೆಯೇ ಎಂದು ನೋಡಿ. ಕ್ಯಾಂಪಿಂಗ್ ಲೆಕ್ಕ ಹೀಗಿತ್ತು: 5 ಅಂದರೆ ಪ್ರಾಯಶ್ಚಿತ್ತ, 10 ಅಂದರೆ ಪೂರ್ಣತೆ, 17 ಅಂದರೆ ಸ್ವರ್ಗ. ಮೂರನ್ನೂ ಗುಣಿಸಿ, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸಿದರೆ 7,22,500. ಶಿಲುಬೆಯಿಂದ ಅಷ್ಟು ದಿನಕ್ಕೆ 2011ರ ಮೇ 21. 2017ರಲ್ಲಿ ಇಂಥದ್ದೇ ತಾರೀಖು ಹೇಳಿದ ಡೇವಿಡ್ ಮೀಡ್ ಎಂಬವರು 33 ಹಿಡಿದರು. ಯೇಸು ಬದುಕಿದ್ದು 33 ವರ್ಷ, ಆಗಸ್ಟ್ 21ರ ಗ್ರಹಣದಿಂದ 33 ದಿನಕ್ಕೆ ಸೆಪ್ಟೆಂಬರ್ 23. ಹೀಬ್ರೂವಿನಲ್ಲಿ ದೇವರಿಗಿರುವ ಎಲೋಹಿಮ್ ಎಂಬ ಹೆಸರು 33 ಸಲ ಬರುತ್ತದೆ ಎಂದೂ ಹೇಳಿದರು. ಹೀಬ್ರೂ ಬೈಬಲಿನಲ್ಲಿ ಆ ಪದ 2,500ಕ್ಕೂ ಹೆಚ್ಚು ಸಲ ಇದೆ.

ಚಿಕ್ಕಮ್ಮನ ಜೊತೆ ನಾನು ಒಂದು ಲೆಕ್ಕ ಮಾಡಿದೆ. ನೀವೂ ಮಾಡಿ. ಭಾರತಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15. ನಮ್ಮ ರಾಜ್ಯ ಒಂದಾದದ್ದು 1956ರ ನವೆಂಬರ್ 1. ನಡುವೆ 3366 ದಿನ. ಈಗ 17, 6, 33 ಗುಣಿಸಿ. ಸರಿಯಾಗಿ 3366. ಸ್ವರ್ಗದ 17 ಬಂತು, ಮನುಷ್ಯನ ಸಂಖ್ಯೆ ಎನ್ನುವ 6 ಬಂತು, ಯೇಸುವಿನ 33 ಬಂತು. ಇದರಲ್ಲಿ ಯಾವ ರಹಸ್ಯವೂ ಇಲ್ಲ. ಅರ್ಥ ಕೊಟ್ಟಿಟ್ಟ ಸಂಖ್ಯೆಗಳು ಹತ್ತಿಪ್ಪತ್ತು ಇದ್ದರೆ ಹುಡುಕಿದರೆ ಎಷ್ಟೋ ಜೋಡಿ ದಿನಗಳ ನಡುವೆ ಅವು ಸಿಗುತ್ತವೆ. ಚಿಕ್ಕಮ್ಮ ಆ ಗುಣಾಕಾರವನ್ನು ಎರಡು ಸಲ ತಾವೇ ಮಾಡಿ ನೋಡಿದರು. ಆಮೇಲೆ ಅವರ ಮುಖ ಸ್ವಲ್ಪ ತಿಳಿಯಾಯಿತು.

ಮೀಡ್ ಅವರ ಅದೇ ಸೆಪ್ಟೆಂಬರ್ 23ಕ್ಕೆ ಪ್ರಕಟನೆ 12ರಲ್ಲಿ ಸೂರ್ಯನನ್ನು ಧರಿಸಿ, ತಲೆಯ ಮೇಲೆ ಹನ್ನೆರಡು ನಕ್ಷತ್ರಗಳ ಕಿರೀಟ ಇಟ್ಟ ಗರ್ಭಿಣಿ ಸ್ತ್ರೀಯನ್ನೂ ಜೋಡಿಸಿದ್ದರು. ಸೂರ್ಯ ಕನ್ಯಾರಾಶಿಯಲ್ಲಿ, ಚಂದ್ರ ಅವಳ ಕಾಲ ಬಳಿ, ಗುರು ಗ್ರಹ ಅವಳ ಗರ್ಭದಲ್ಲಿ, ತಲೆಯ ಮೇಲೆ ಸಿಂಹರಾಶಿಯ ಒಂಬತ್ತು ನಕ್ಷತ್ರ ಮತ್ತು ಮೂರು ಗ್ರಹ. ಖಗೋಳ ಇತಿಹಾಸಕಾರ ಕ್ರಿಸ್ಟೊಫರ್ ಗ್ರೇನಿ ಹಿಂದಿನ ಸಾವಿರ ವರ್ಷ ಹುಡುಕಿದರು. ಇದೇ ಜೋಡಣೆ 1827, 1483, 1293, 1056ರಲ್ಲೂ ಆಗಿತ್ತು.

ಹಂತ 5: ತಾರೀಖು ಮೊದಲು ಜರುಗಿದೆಯೇ ನೋಡಿ

ಮಿಲ್ಲರ್ ಅವರ ಲೆಕ್ಕ ಮೊದಲು 1843 ಎಂದಿತ್ತು. ಕ್ರಿ.ಪೂ. 1 ಮತ್ತು ಕ್ರಿ.ಶ. 1ರ ನಡುವೆ ಸೊನ್ನೆ ವರ್ಷ ಇಲ್ಲ ಎಂದು ಗೊತ್ತಾಗಿ 1844 ಆಯಿತು. ಕೊನೆಗೆ ಅವರ ಗುಂಪು ನಿಲ್ಲಿಸಿದ ದಿನ 1844ರ ಅಕ್ಟೋಬರ್ 22. ಕೆಲವರು ಹೊಲದ ಬೆಳೆ ಕೀಳದೆ ಬಿಟ್ಟಿದ್ದರು. ಆ ರಾತ್ರಿ ಬೆಳಗಾಗುವವರೆಗೆ ಅತ್ತವರು ತಾವೇ ಅದನ್ನು ಬರೆದಿಟ್ಟಿದ್ದಾರೆ. ಕ್ಯಾಂಪಿಂಗ್ 1994ಕ್ಕೆ ಒಮ್ಮೆ ಹೇಳಿದ್ದರು. 2011ರ ಮೇ 21 ದಾಟಿದಾಗ ಅಕ್ಟೋಬರ್ 21 ಎಂದರು. 2012ರಲ್ಲಿ ತಾರೀಖು ಹೇಳಿದ್ದು ಪಾಪ ಎಂದು ಒಪ್ಪಿಕೊಂಡರು. ಆ ಒಪ್ಪಿಗೆಯನ್ನು ನಾನು ಗೌರವಿಸುತ್ತೇನೆ. ಮೀಡ್ ಅವರ ತಾರೀಖೂ ಅಕ್ಟೋಬರಿಗೆ ಹೋಯಿತು. 2025ರ ಸೆಪ್ಟೆಂಬರ್ ದಾಟಿದ ಮೇಲೆ ದಕ್ಷಿಣ ಆಫ್ರಿಕಾದ ಆ ಬೋಧಕರೂ ಹಳೆಯ ಕ್ಯಾಲೆಂಡರ್ ಲೆಕ್ಕ ಹೇಳಿ ಅಕ್ಟೋಬರಿಗೇ ಹಾಕಿದರು. ಹೇಳಿದ್ದು ನಡೆಯದಿದ್ದರೆ ಅದು ಯೆಹೋವನ ಮಾತಲ್ಲ, ಹೇಳಿದ ಆ ಪ್ರವಾದಿಗೆ ಹೆದರಬೇಡಿ ಎಂದು ಧರ್ಮೋಪದೇಶಕಾಂಡ 18:22 ಹೇಳುತ್ತದೆ. ಎರಡನೇ ಅವಕಾಶದ ಮಾತು ಅಲ್ಲಿಲ್ಲ.

ಹಂತ 6: ದುಡ್ಡು ಎಲ್ಲಿಗೆ ಹೋಗುತ್ತಿದೆ ಕೇಳಿ

ದಕ್ಷಿಣ ಕೊರಿಯಾದಲ್ಲಿ ಲೀ ಜಾಂಗ್ ರಿಮ್ ಎಂಬ ಬೋಧಕ 1992ರ ಅಕ್ಟೋಬರ್ 28ಕ್ಕೆ ವಿಶ್ವಾಸಿಗಳು ಎತ್ತಲ್ಪಡುತ್ತಾರೆ ಎಂದು ಸಾರಿದ. ಜನ ಕೆಲಸ ಬಿಟ್ಟರು, ಮನೆ ಮಾರಿದರು, ಹಣ ತಂದು ಕೊಟ್ಟರು. ಆ ದಿನಕ್ಕೆ ಮೊದಲೇ ಪೊಲೀಸರು ಅವನನ್ನು ವಂಚನೆಯ ಆರೋಪದಲ್ಲಿ ಹಿಡಿದರು. ಅವನು ಕೊಂಡಿದ್ದ ಬಾಂಡುಗಳ ಅವಧಿ ಮುಗಿಯುವುದು 1993ರ ಮೇ ತಿಂಗಳಲ್ಲಿ ಎಂದು ಗೊತ್ತಾಯಿತು. ತಾನು ಹೇಳಿದ ದಿನದ ಆಚೆಗೂ ಅವನು ದುಡ್ಡು ಕೂಡಿಟ್ಟಿದ್ದ. ತಾರೀಖು ಹೇಳುವವರು ಕಾಣಿಕೆ ಕೇಳಿದರೆ, ಪುಸ್ತಕ ಮಾರಿದರೆ, ಬಾಡಿಗೆ ಕರಾರು ಮುಂದಿನ ವರ್ಷಕ್ಕೂ ಮಾಡಿಕೊಂಡಿದ್ದರೆ ಅದನ್ನೂ ಹಾಳೆಯ ಮೇಲೆ ಬರೆಯಿರಿ.

ಹಂತ 7: ಹೆದರಿದವರ ಜೊತೆ ಕುಳಿತುಕೊಳ್ಳಿ

ನಗಬೇಡಿ. ಗುಂಪಿನಲ್ಲಿ ಎಲ್ಲರ ಮುಂದೆ ತಿದ್ದಬೇಡಿ. ಹೆದರಿದವರಿಗೆ ಅವಮಾನವೂ ಆದರೆ ಅವರು ವಿಡಿಯೋ ಮಾಡಿದವರ ಹತ್ತಿರವೇ ಹೋಗುತ್ತಾರೆ. ಒಬ್ಬರೇ ಇರುವಾಗ ಹೋಗಿ, ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿ. ಆ ತಾರೀಖು ದಾಟುವವರೆಗೆ ಸಾಲ, ಕೆಲಸ, ಓದು, ಔಷಧಿ, ಜಮೀನು ಯಾವುದರಲ್ಲೂ ಬದಲಾವಣೆ ಬೇಡ ಎಂದು ಮಾತು ತೆಗೆದುಕೊಳ್ಳಿ. ತಾರೀಖಿನ ಮಾರನೇ ದಿನ ಫೋನ್ ಮಾಡಿ. ಆ ದಿನ ಅವರಿಗೆ ನಾಚಿಕೆ, ಬೇಸರ ಎರಡೂ ಇರುತ್ತವೆ.

ಚಿಕ್ಕಮ್ಮ ಮಾರನೇ ಬೆಳಿಗ್ಗೆ ಫೀಸು ಕಟ್ಟಿದರು. ಆ ಸಂಜೆ ನಾವು ಒಂದು ಚೀಟಿಯನ್ನೂ ಬರೆದೆವು. ಮುಂದೆ ಯಾವ ಗ್ರಹಣಗಳ ಸುತ್ತ ಇಂಥ ವಿಡಿಯೋ ಬರಬಹುದು ಎಂಬ ಪಟ್ಟಿ ಅದು. 2027ರ ಆಗಸ್ಟ್ 2: ಪೂರ್ಣ ಸೂರ್ಯಗ್ರಹಣ, ಐಗುಪ್ತ (ಈಜಿಪ್ಟ್) ಮತ್ತು ಅರೇಬಿಯಾದ ಮೇಲೆ. 2032-33: ನಾಲ್ಕು ಚಂದ್ರಗ್ರಹಣಗಳ ಸಾಲು. 2033 ಶಿಲುಬೆಯಿಂದ ಎರಡು ಸಾವಿರ ವರ್ಷ ಎಂದೂ ಕೆಲವರು ಎಣಿಸುತ್ತಾರೆ. 2035ರ ಸೆಪ್ಟೆಂಬರ್ 2: ಹಳೆಯ ಜೋಡಿಯ ಮೊದಲನೆಯದು. ಚೀಟಿ ಈಗ ಅವರ ಬೈಬಲಿನಲ್ಲಿ ಮತ್ತಾಯ 24ರ ಹಾಳೆಯ ನಡುವೆ ಇದೆ.